ಕಂಬಳಿಯ ಹಿಂದಿನ ಫೋನ್

ಮೊಳಕಾಲ್ಮೂರು, 15-8-2000

ಅಕ್ಕಾ,

ನಾನು ಪಾಠ ಮಾಡುವ ಹೊಸ ಶಾಲೆಯಲ್ಲಿ ಇವತ್ತು ಯುದ್ಧದ ನೆನಪುಗಳ ಪ್ರದರ್ಶನ! ಫೋನ್ ಎತ್ತಿದರೆ ಬಾಂಗ್ಲಾ ಯುದ್ಧಕ್ಕೆ ಹೋಗಿದ್ದ ಈ ಊರಿನ ಚಿಕ್ಕೀರಪ್ಪನವರ ಧ್ವನಿ ಕೇಳಿಸಬೇಕಿತ್ತು, ಟೇಪ್ ರೆಕಾರ್ಡರ್ ಕೆಟ್ಟಿತು. ಸೇನೆಯಲ್ಲಿ ಫೋನ್ ತಂತಿ ಎಳೆಯುತ್ತಿದ್ದವರಲ್ಲವೇ, ತಾವೇ ತಂತಿ ಜೋಡಿಸಿ, ಇನ್ನೊಂದು ಫೋನ್ ಹಿಡಿದು, ಪರದೆಯಂತೆ ಕಟ್ಟಿದ್ದ ಕಂಬಳಿಯ ಹಿಂದೆ ಕೂತುಬಿಟ್ಟರು! ಮನೆಯಲ್ಲಿ ಯುದ್ಧದ ಸುದ್ದಿಯನ್ನೇ ಎತ್ತದ ಮನುಷ್ಯ ಮಕ್ಕಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಅಷ್ಟರಲ್ಲಿ ಅವರ ಹೆಂಡತಿ ಪಾಪಕ್ಕ ಸಾಲಿನಲ್ಲಿ ಬಂದು ಫೋನ್ ಎತ್ತಿದರು.

"ಆಗ ಮೂರು ತಿಂಗ್ಳು ಕಾಗ್ದ ಯಾಕ್ ಹಾಕ್ಲಿಲ್ಲ?"

ಕಂಬಳಿಯ ಹಿಂದಿನಿಂದ ನಮಗೂ ಕೇಳಿಸಿತು: "ಕೈ ನಡುಗ್ತಿತ್ತು ಕಣೇ. ಅಕ್ಷರ ಕೂಡ್ತಿರ್ಲಿಲ್ಲ."

ಇಲ್ಲಿಯ ನೀರು ನನಗೆ ಒಗ್ಗಿದೆ, ಕೆಮ್ಮು ಹೋಯಿತು, ಅಮ್ಮನಿಗೆ ಹೇಳು. ಸಾಲಿನಲ್ಲಿ ಮಕ್ಕಳ ಗಲಾಟೆ, ಹೋಗಬೇಕು. ಪಾಪಕ್ಕ ಇನ್ನೂ ಫೋನ್ ಕೆಳಗಿಟ್ಟಿಲ್ಲ!

ನಿನ್ನ ತ್ರಿವೇಣಿ