ಕಲ್ಲಿನ ಮೇಲಿನ ಮೂರು ಬೆರಳು

ಹೆಲ್ಸಿಂಗ್‌ಬೋರ್ಯ್, ಸ್ವೀಡನ್
ಭಾನುವಾರ, ೫ ಮೇ ೨೦೨೪

ಅಶ್ವತ್ಥ ಅವರಿಗೆ,

ಕ್ಷೇಮವೆಂದು ಮೊದಲು ಬರೆಯುವುದು ಪದ್ಧತಿ. ನಾನು ಕ್ಷೇಮವಾಗಿಲ್ಲ, ಹಾಗಾಗಿ ಆ ಸಾಲು ಬಿಟ್ಟಿದ್ದೇನೆ. ಫೋನಿನಲ್ಲಿ ಹೇಳಿ ಮುಗಿಸಲಾರೆ, ಅದಕ್ಕೇ ಕಾಗದ.

ಟೋರ್ಸ್‌ಲಾಂಡದ ನಿಮ್ಮ ಮನೆಯಿಂದ ಎರಡು ವಾರಕ್ಕೊಮ್ಮೆ ನನ್ನ ಹತ್ತಿರ ಬರುವುದು ಇರಾಗೆ ಇಷ್ಟವಿದೆಯೋ ಇಲ್ಲವೋ, ಹನ್ನೆರಡು ತುಂಬಿದ ಮಗಳು, ಅವಳನ್ನೇ ಕೇಳು ಎಂದು ಮೆಸೇಜ್ ಹಾಕಿದ್ದಿರಿ. ಏನು ಹೇಳಿದಳೆಂದು ತಿಳಿಸು ಎಂದೂ. ಮನೆಯೊಳಗೆ ಕೇಳಲು ನನಗೆ ಧೈರ್ಯ ಬರಲಿಲ್ಲ. ಡೈನೊಸಾರ್ ಹೆಜ್ಜೆಗಳನ್ನು ಉಳಿಸಿಟ್ಟಿರುವ ಪಾರ್ಕಿಗೆ ನಿನ್ನೆ ಕರೆದುಕೊಂಡು ಹೋದೆ. ಡಾಗಿಸ್ ಶಿಶುವಿಹಾರಕ್ಕೆ ಹೋಗುವ ವಯಸ್ಸಿನಲ್ಲಿ ಅಲ್ಲಿಗೆ ಹೋಗೋಣವೆಂದು ನೆಲಕ್ಕೆ ಬಿದ್ದು ಹಟ ಮಾಡುತ್ತಿದ್ದಳಲ್ಲ. ಈಗ ಬಸ್ಸಿನುದ್ದಕ್ಕೂ ಫೋನಿನಿಂದ ತಲೆಯೆತ್ತಲಿಲ್ಲ.

ಅಗಲವಾದ ಕಲ್ಲುಹಾಸು, ಅದರ ತುಂಬ ಮೂರು ಬೆರಳಿನ ಗುರುತುಗಳು. ಹೆಜ್ಜೆಗಳ ಅಂತರ ನೋಡಿದರೆ ಆ ಪ್ರಾಣಿ ಓಡುತ್ತಿರಲಿಲ್ಲ, ಯಾರೂ ಅದನ್ನು ಅಟ್ಟಿಸಿಕೊಂಡು ಬಂದಿರಲಿಲ್ಲ, ತನ್ನ ಪಾಡಿಗೆ ತಾನು ನಡೆದುಹೋಗಿದೆ ಎಂದು ಗೈಡ್ ಹೆಂಗಸು ವಿವರಿಸಿದಳು. ನನಗೆ ನಿಮ್ಮ ನೆನಪಾಯಿತು. ಕೋಪ ಮಾಡಿಕೊಳ್ಳಬೇಡಿ.

ಹಿಂದೆ ಸರಿಯುವಾಗ ನನ್ನ ಬೂಟು ಒಂದು ಹೆಜ್ಜೆಯ ಮೇಲೆ ಬಿತ್ತು. ಕಾಲು ತಾಗಿದ ಮೇಲೆ ನಮ್ಮ ಕೈ ಸುಮ್ಮನಿರುತ್ತದೆಯೇ? ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಪುಸ್ತಕ ತುಳಿದರೆ ಇರಾಳೂ ಹಾಗೇ ಮಾಡುತ್ತಿದ್ದಳು, ಚಿಕ್ಕವಳಿದ್ದಾಗ. ಪಕ್ಕದಲ್ಲಿ ಅವಳ ವಯಸ್ಸಿನ ಹುಡುಗಿಯರಿದ್ದರು, ನಕ್ಕರು. ಮುಟ್ಟಬಾರದೆಂದು ಗೈಡ್ ಮೆಲ್ಲಗೆ ಹೇಳಿದಳು. ಇರಾ ಕೆಂಪಾಗಿ, ನನ್ನತ್ತ ಕೈ ತೋರಿಸಿ, ಅವರಿಗೆ ಇದೆಲ್ಲ ಗೊತ್ತಾಗುವುದಿಲ್ಲ ಎಂದು ಸ್ವೀಡಿಷ್‌ನಲ್ಲಿ ಕ್ಷಮೆ ಕೇಳಿದಳು. ನನ್ನ ಸ್ವೀಡಿಷ್ ಅಷ್ಟಕ್ಕೆ ಸಾಕು. ನನ್ನ ಅಮ್ಮ ಎನ್ನಲಿಲ್ಲ. ಬಸ್ಸಿನಲ್ಲಿ ಸಿಕ್ಕ ಯಾರೋ ಹೆಂಗಸಿನ ಬಗ್ಗೆ ಹೇಳುವ ಹಾಗೆ ಹೇಳಿ, ದೂರ ಹೋಗಿ ನಿಂತಳು.

ಆಮೇಲೆ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತೆವು. ನಾನು ತಂದಿದ್ದ ಚಿತ್ರಾನ್ನದ ಡಬ್ಬಿಯನ್ನು ತೆರೆಯಬೇಡ, ವಾಸನೆ ಬರುತ್ತದೆ ಎಂದಳು. ತೆರೆಯಲಿಲ್ಲ. ಕೇಳಬೇಕಾದ್ದನ್ನೂ ಕೇಳಲಿಲ್ಲ. ಆದ್ದರಿಂದ ಅವಳು ಏನೂ ಹೇಳಲಿಲ್ಲ, ತಿಳಿಸಲು ನನ್ನಲ್ಲಿ ಏನೂ ಇಲ್ಲ.

ಈ ಊರಿನಲ್ಲಿ ನಾನು ಬದುಕುತ್ತಿರುವುದು ಅವಳು ಬರುವ ಶುಕ್ರವಾರಗಳಿಗಾಗಿ, ಅಶ್ವತ್ಥ. ಅವೂ ಹೋದರೆ ಶನಿವಾರ ಯಾಕೆ ಏಳಬೇಕೆಂದು ನನಗೆ ಗೊತ್ತಿಲ್ಲ. ಇದನ್ನು ಅವಳಿಗೆ ಹೇಳಬೇಡಿ, ಮಗುವಿನ ಮೇಲೆ ಭಾರ ಹೊರಿಸಿದಂತಾಗುತ್ತದೆ.

ಇಂತಿ,
ಮಾಲತಿ

ತಾ.ಕ.: ಅವಳು ಏನೂ ಹೇಳಲಿಲ್ಲ ಎಂದದ್ದು ಸುಳ್ಳು. ಯಾವಾಗಲೂ ಸ್ವೀಡಿಷ್‌ನಲ್ಲೇ ಉತ್ತರ ಕೊಡುವವಳು, ಇವತ್ತು ರೈಲು ಹತ್ತುವ ಮುಂಚೆ ಕನ್ನಡದಲ್ಲಿ ಹೇಳಿದಳು. ಇನ್ಮೇಲೆ ನಾನು ಬರಲ್ಲಮ್ಮ, ತಪ್ಪು ತಿಳ್ಕೋಬೇಡ, ಇದು ಎಲ್ಲರಿಗೂ ಒಳ್ಳೇದು ಅಂತ. ಎಲ್ಲೂ ತಡವರಿಸಲಿಲ್ಲ. ನೀವು ಮನೆ ಬಿಟ್ಟು ಹೋದ ದಿನ ಬಾಗಿಲಲ್ಲಿ ನಿಂತು ನನಗೆ ಹೇಳಿದ್ದೂ ಇದೇ ಮಾತು. ಚೆನ್ನಾಗಿ ಬಾಯಿಪಾಠ ಮಾಡಿಸಿದ್ದೀರಿ.