ಒದ್ದೆ ಸೀಮೆಸುಣ್ಣ

ಅಕ್ಟೋಬರ್ ೧೪
ಆಸ್ಪತ್ರೆಯ ಹೊಲಿಗೆ ಕೋಣೆ, ಮಧ್ಯಾಹ್ನದ ಬಿಡುವು

ನನ್ನ ಮುದ್ದು ಮಗಳಿಗೆ,

ಅಮ್ಮನ ಮುತ್ತುಗಳು. ಕರ್ತನ ಸಮಾಧಾನ ನಿನ್ನ ಹಾಸ್ಟೆಲಿನ ಆ ಪುಟ್ಟ ಕೋಣೆಯಲ್ಲೂ ತುಂಬಿರಲಿ. ನಿನ್ನ ಕಾಗದ ಬಂದು ಮೂರು ವಾರವಾಯಿತು, ತಡಮಾಡಿದ್ದಕ್ಕೆ ಬೈದುಕೋ. ಗಂಡನ ಮನೆ ಬಿಟ್ಟೆ, ಹಾಸ್ಟೆಲ್ ಸೇರಿದ್ದೇನೆ, ನಿನ್ನ ಮನೆಗೆ ಮಾತ್ರ ಬರುವುದಿಲ್ಲ ಎಂದು ನೀನು ಬರೆದಿದ್ದೆ. ಅದಕ್ಕೆ ಏನು ಉತ್ತರ ಬರೆಯಲಿ? ಬರೆದೆ, ಹರಿದೆ, ಮತ್ತೆ ಬರೆದೆ. ಅಷ್ಟರಲ್ಲಿ ಇಲ್ಲೊಂದು ರಂಪಾಟವಾಯಿತು.

ಚರ್ಚಿನ ಗೇಟಿನ ಪಕ್ಕದ ಕರಿಹಲಗೆಯಲ್ಲಿ ಹನ್ನೊಂದು ವರ್ಷದಿಂದ, ಕೆಲಸಕ್ಕೆ ಬರುವ ಮುಂಚೆ, ದಿನಕ್ಕೊಂದು ಧೈರ್ಯದ ಮಾತು ಬರೆಯುತ್ತಿದ್ದೇನಲ್ಲ. ಎದುರಿಗೇ ಆಸ್ಪತ್ರೆ. ಸಭೆಯವರಿಗಿಂತ ರೋಗಿಗಳ ಕಡೆಯವರೇ ಅದನ್ನು ನಿಂತು ಓದುವುದು. ಎರಡು ಭಾನುವಾರಗಳ ಹಿಂದೆ ನಿನ್ನ ವಿಷಯ ಎಲ್ಲರ ಕಿವಿಗೂ ಬಿತ್ತು. ಆರಾಧನೆ ಮುಗಿದ ಮೇಲೆ ಚರ್ಚಿನ ಕಾರ್ಯದರ್ಶಿಗಳು, ಅದೇ ಔಷಧಿ ಅಂಗಡಿಯವರು, ನನ್ನನ್ನು ಕರೆದು ಕೂರಿಸಿ ದೇವರ ಪ್ರೀತಿಯ ಬಗ್ಗೆ ಉದ್ದಕ್ಕೆ ಮಾತಾಡಿದರು. ಅವರು ಅಷ್ಟು ಮೆತ್ತಗೆ ಮಾತಾಡಿದಾಗಲೇ ಏನೋ ಕಾದಿದೆ ಎಂದುಕೊಂಡೆ.

"ಮಗಳು ಗಂಡನ್ನ ಬಿಟ್ಟಿರೋ ಮನೆಯಿಂದ ಊರಿಗೆ ಬುದ್ಧಿ ಹೇಳೋದು ಚೆನ್ನಾಗಿರಲ್ಲಮ್ಮ. ಸ್ವಲ್ಪ ದಿನ ಬರೆಯೋದು ನಿಲ್ಲಿಸಿ" ಎಂದರು.

ಸೀಮೆಸುಣ್ಣದ ಡಬ್ಬಿ ವಾಪಸು ಕೇಳಿದರು. ಕೊಟ್ಟುಬಿಟ್ಟೆ. ಸಭಾಪಾಲಕರು ಅಲ್ಲೇ ಇದ್ದರು, ಪಾಪ, ಕೈಗಡಿಯಾರ ನೋಡಿಕೊಳ್ಳುತ್ತಿದ್ದರು.

ಮಾರನೆಯ ಬೆಳಿಗ್ಗೆ, ಇಲ್ಲಿ ಬಟ್ಟೆಗೆ ಗುರುತು ಹಾಕಲು ಇಟ್ಟುಕೊಂಡ ನನ್ನದೇ ಸೀಮೆಸುಣ್ಣವನ್ನು ನೀರಿನಲ್ಲಿ ಅದ್ದಿ ಹಲಗೆಯ ತುಂಬ ಬರೆದೆ: ಏಟು ತಿನ್ನುತ್ತ ಬದುಕು ಎಂದು ದೇವರು ಯಾವ ಹೆಣ್ಣಿಗೂ ಹೇಳಿಲ್ಲ. ಒದ್ದೆ ಮಾಡಿ ಬರೆದರೆ ಅಕ್ಷರ ಒಣಗಿ ಅಚ್ಚ ಬಿಳುಪಾಗುತ್ತದೆ, ಸುಮ್ಮನೆ ಒರೆಸಿದರೆ ಹೋಗುವುದಿಲ್ಲ. ಇದು ಕಾರ್ಯದರ್ಶಿಗಳಿಗೆ ಗೊತ್ತಿರಲಿಲ್ಲ. ಅಂಗಡಿ ತೆರೆಯಲು ಬಂದವರು ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದು ಉಜ್ಜಿದರು, ಉಜ್ಜಿದರು, ಮೀಸೆಯೆಲ್ಲ ಬೆಳ್ಳಗಾಯಿತು. ಹೊಲಿಗೆ ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ, ನಗು ಬಂತು ಕಣೇ, ತಡೆದುಕೊಂಡೆ. ರಸ್ತೆ ದಾಟಿ ಹೋಗಿ ಒದ್ದೆ ಬಟ್ಟೆಯನ್ನು ಅವರ ಕೈಗಿತ್ತೆ.

"ಇದರಲ್ಲಿ ಒರೆಸಿ ಅಣ್ಣಾ, ಹೋಗುತ್ತೆ. ನಾಳೆ ಮತ್ತೆ ಬರೀತೀನಿ."

ಒರೆಸಿದರು. ಮತ್ತೆ ಬರೆದೆ. ದಿನವೂ ಇದೇ ನಡೆದಿದೆ. ಅವರ ಮೇಲೆ ಸಿಟ್ಟು ಬರದೆ ಇರುತ್ತದೆಯೇ? ಬರುತ್ತದೆ. ಹಲ್ಲು ಕಚ್ಚಿಕೊಂಡು ಅವರಿಗಾಗಿಯೂ ಪ್ರಾರ್ಥಿಸುತ್ತೇನೆ. ಕೃಪೆ ಎಂದರೆ ತಲೆ ತಗ್ಗಿಸುವುದು ಎಂದು ಇಷ್ಟು ದಿನ ತಿಳಿದಿದ್ದೆ. ಈಗ ತಲೆ ಎತ್ತಿಕೊಂಡೇ ಒದ್ದೆ ಬಟ್ಟೆ ಕೊಡುವುದನ್ನು ಕಲಿಯುತ್ತಿದ್ದೇನೆ.

ನಿನ್ನೆ ಕೈಗೆ ಪಟ್ಟಿ ಸುತ್ತಿಕೊಂಡ ಹೆಂಗಸೊಬ್ಬಳು ಹಲಗೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಇದು ನಿಜವಾಗಿಯೂ ಬೈಬಲಿನಲ್ಲಿದೆಯಾ ಎಂದು ಕೇಳಿದಳು.

"ಮಾತು ನಂದು, ಮನಸ್ಸು ದೇವರದು" ಎಂದೆ. ಅವಳು ನನ್ನ ಸೆರಗು ಹಿಡಿದುಕೊಂಡು ಅತ್ತಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಯಾರ ಮುಂದೆಯೂ ಕುಗ್ಗಬೇಡ. ನಿನ್ನನ್ನು ಕಾಯುವವನು ತೂಕಡಿಸುವವನಲ್ಲ. ಆತನ ನೆರಳು ನಿನ್ನ ಮೇಲಿರಲಿ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿಸಿಕೊಂಡದ್ದು. ಮದುವೆಯಾದ ಎರಡನೆಯ ವರ್ಷ ನೀನು ತುಟಿ ಒಡೆದುಕೊಂಡು ಬಂದಿದ್ದೆ. ಏನಾಯಿತು ಎಂದು ನಾನು ಕೇಳಲಿಲ್ಲ. ಕೇಳಿದರೆ ನೀನು ಹೇಳಿಬಿಡುತ್ತೀಯ ಎಂದು ಹೆದರಿದೆ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಪ್ರೀತಿ ಎಂದರೆ ಸಹಿಸಿಕೊಳ್ಳುವುದು ಎಂದು ಬುದ್ಧಿ ಹೇಳಿ, ಸಂಜೆಯ ಬಸ್ಸಿಗೆ ನಾನೇ ಹತ್ತಿಸಿದೆ. ನಿನ್ನನ್ನು ಉಳಿಸಿಕೊಂಡರೆ ಆ ಹಲಗೆ ನನ್ನ ಕೈತಪ್ಪುತ್ತದೆ ಎಂಬ ಲೆಕ್ಕಾಚಾರವೂ ಮನಸ್ಸಿನಲ್ಲಿತ್ತು. ಅದು ದೇವರಿಗೂ ಗೊತ್ತು, ನಿನಗೂ ಗೊತ್ತು. ಅದಕ್ಕೇ ನೀನು ಹಾಸ್ಟೆಲಿನಲ್ಲಿದ್ದೀಯ. ಅಮ್ಮನನ್ನು ಕ್ಷಮಿಸಬೇಕು ಎಂದು ಯಾರೇ ವಾಕ್ಯ ತೋರಿಸಿದರೂ ಒಪ್ಪಬೇಡ, ಅದನ್ನು ತೋರಿಸುವವಳು ನಾನೇ ಆದರೂ. ಬೈಯುವುದಕ್ಕಾದರೂ ಒಮ್ಮೆ ಮನೆಗೆ ಬಾ. ಈ ಸಲ ಕೇಳುತ್ತೇನೆ.