ಗೋಡೆಯ ಸ್ವಿಚ್ ಆರಿಸಬೇಡ

ದುವಾರ್ತೆ, ನಿನಗೊಂದು ವಾರ್ತೆ! ನಿಮ್ಮಮ್ಮ ಪೋರ್ಟೊದಿಂದ ಫೋನ್ ಮಾಡಿದ್ದರು, ನಾಳೆ ಮಧ್ಯಾಹ್ನವೇ ಬರುತ್ತಾರಂತೆ. ನಾನು ರಾತ್ರಿ ಪಾಳಿಗೆ ಹೊರಟೆ. ಮೀನಿನ ಸಾರು ಒಲೆಯ ಮೇಲಿದೆ.

ಮಲಗುವಾಗ ಹೀಟರಿನ ಸ್ವಿಚ್ ಆರಿಸಬೇಡ, ಮಾರಾಯ. ಊರಿನ ಆ ಒಳ್ಳೇ ಅಭ್ಯಾಸ ಈ ಚಳಿಯೂರು ಡಂಡೀಯಲ್ಲಿ ನಡೆಯದು. ಮನೆಯೊಡತಿ ಮೆಕ್ಕಿಯವರ ರಾಗದಲ್ಲೇ ಓದಿಕೋ: "ಅಯ್ಯೋ ಮಗಾ, ಅದು ದೀಪ ಅಲ್ಲಪ್ಪಾ! ಒಳಗಿರೋ ಇಟ್ಟಿಗೆ ರಾತ್ರಿಯೆಲ್ಲ ಕಾದ್ರೇನೇ ಹಗಲು ಬಿಸಿ ಕೊಡೋದು!" ಬಿಸಿ ಹೊರಬಿಡುವ ಗುಂಡಿಯನ್ನು ಬೆಳಿಗ್ಗೆ ಎದ್ದಮೇಲೆ ತಿರುಗಿಸು.

ಮನೆ ತಣ್ಣಗಿದ್ದರೆ ನಿಮ್ಮಮ್ಮ ಕೋಟೂ ಬಿಚ್ಚದೆ, "ನಡಿಯೋ ಕಂದಾ, ಊರಿಗೆ ಹೋಗೋಣ" ಅಂತಾರೆ. ನೀನು ಹೊರಟೂಬಿಡುತ್ತೀಯ, ಅದೇ ನನ್ನ ಭಯ.

ಅದು ರಾತ್ರಿಯೆಲ್ಲ ಕಾಯಲಿ. ನೀನು ನನ್ನನ್ನು ಕಾಯುತ್ತಿರು. ಇಬ್ಬರೂ ಆರದಿದ್ದರೆ ಸಾಕು.

ಇನೆಸ್